ಬಲೆನೂಲು ಸುತ್ತಿದ ರಿಮೋಟ್

ನನ್ನ ಒಬ್ಬನೇ ಅಣ್ಣನಿಗೆ,

ಸಿಟ್ಟು ಬಂದಾಗಲೇ ಇವಳಿಗೆ ನನ್ನ ನೆನಪು ಅಂತ ನಗಬೇಡ. ಉಳ್ಳಾಲದ ಮನೆಯ ಹಳೆ ಟಿವಿ ಸಿಡಿಲಿಗೆ ಹೋಯಿತು. ಈಗ ಗೋಡೆ ತುಂಬ ಹೊಸತು ಬಂದಿದೆ. ಅದರ ರಿಮೋಟ್ ಮಾತ್ರ ಸವೆದ ಸಾಬೂನಿನ ತುಂಡಿನ ಹಾಗೆ. ಅಂಕೆಗಳೇ ಇಲ್ಲ.

ಅಮ್ಮನ ಕಣ್ಣು ಪೂರ್ತಿ ಹೋದ ವರ್ಷ ನೀನು ಜಗಲಿಯಲ್ಲಿ ಕೂತು ಹಳೆ ರಿಮೋಟಿಗೆ ಬಲೆಯ ನೂಲು ಸುತ್ತಿದ್ದು ನೆನಪುಂಟಾ? ಮೇಲಿನ ಗಂಟಿನ ಬುಡದಲ್ಲಿ ಆನ್, ಕೆಳಗಿನದರ ಬುಡದಲ್ಲಿ ವಾರ್ತೆ. ಅಮ್ಮನದು ಆಯುಷ್ಯವಿಡೀ ಬಲೆ ಹೆಣೆದ ಹೆಬ್ಬೆರಳು, ಒಮ್ಮೆ ಸವರಿದರೆ ಸಾಕಿತ್ತು. ಸಂಜೆ ಯಾರನ್ನೂ ಕರೆಯದೆ ಕಡಲಿನ ಹವಾಮಾನ ಕೇಳಿ, ನೀನು ಬೋಟಿಗೆ ಹೋಗಬಹುದೋ ಬೇಡವೋ ಅಂತ ತೀರ್ಪು ಕೊಡುತ್ತಿದ್ದಳು. ನೀನು ತೀರಿಹೋದ ಮೇಲೆ ನಮ್ಮಲ್ಲಿ ಕಡಲಿಗೆ ಇಳಿಯುವವರು ಯಾರೂ ಇಲ್ಲ. ಆದರೂ ಅವಳಿಗೆ ಆ ವಾರ್ತೆ...

ಹೊಸ ರಿಮೋಟಿಗೆ ನಾನೂ ನೂಲು ಸುತ್ತಿ ನೋಡಿದೆ. ಗಂಟು ಸಿಗುತ್ತದೆ ಅಣ್ಣ, ಬಟನ್ನೂ ಸಿಗುತ್ತದೆ. ಆದರೆ ಒಂದೇ ಬಟನ್ನಿಗೆ ಒಮ್ಮೆ ಒಂದು ಕೆಲಸ, ಇನ್ನೊಮ್ಮೆ ಇನ್ನೊಂದು. ಯಾವುದೆಂದು ಪರದೆ ನೋಡಿಯೇ ತಿಳಿಯಬೇಕು. ಕಣ್ಣಿಲ್ಲದವಳು ಎಲ್ಲಿ ನೋಡುವುದು? ಒತ್ತಿದರೆ ಹಿಂದಿಯಲ್ಲಿ ಯಾರೋ ಅಡುಗೆ ಕಲಿಸುತ್ತಾರೆ, ಮತ್ತೆ ಒತ್ತಿದರೆ ಸದ್ದೇ ಇಲ್ಲ. ಟಿವಿ ಕೂರಿಸಲು ಬಂದವನು, "ಬಟನ್ ಕಡಿಮೆ ಉಂಟಲ್ಲ ಅಕ್ಕ, ಸುಲಭ" ಎಂದ. ಯಾರಿಗೆ ಅಂತ ಕೇಳಿದೆ. ಅವನು ಏಣಿ ಮಡಚಿದ. ಇಂಥದ್ದನ್ನು ಮಾಡುವವರ ಮನೆಯಲ್ಲಿ ಅಮ್ಮಂದಿರೇ ಇಲ್ಲವಾ?

ಅಮ್ಮ ಟಿವಿಯೇ ಬೇಡ ಅಂದುಬಿಟ್ಟಳು. ಇನ್ನೊಬ್ಬರಿಂದ ಹಾಕಿಸಿಕೊಳ್ಳುವುದು ಅವಳಿಗೆ ಆಗದು, ನಿನಗೇ ಗೊತ್ತಲ್ಲ. ಕಡೆಗೆ ನಿನ್ನ ಹಳೆ ರಿಮೋಟನ್ನೇ ಅವಳ ಕೈಗಿಟ್ಟು, ರಿಪೇರಿ ಮಾಡಿಸಿದ್ದೇನೆ, ಹೊಸ ಟಿವಿಗೂ ಆಗುತ್ತದೆ ಅಂದೆ. ಅಂದಿನಿಂದ ಅವಳು ಗಂಟು ಸವರಿ ಒತ್ತುವಾಗ, ಪಕ್ಕದಲ್ಲಿ ಕೂತ ನಾನು ಹೊಸತನ್ನು ಸೆರಗಿನಡಿ ಒತ್ತುತ್ತೇನೆ. ಕಾಣದವಳಿಂದ ಅಡಗಿಸುವುದು ಎಂತಕ್ಕೋ! ಕದ್ರಿ ದೇವಸ್ಥಾನಕ್ಕೆ ಹೋಗಲಿ, ಮದುವೆಗೆ ಹೋಗಲಿ, ಮನಸ್ಸೆಲ್ಲ ಗಡಿಯಾರದಲ್ಲಿ. ವಾರ್ತೆಯ ಹೊತ್ತಿಗೆ ಅವಳ ಪಕ್ಕ ಇರಬೇಕು.

ಇವತ್ತು ಬಸ್ಸು ಸೇತುವೆಯ ಮೇಲೆ ಸಿಕ್ಕಿಬಿತ್ತು. ಏದುಸಿರು ಬಿಡುತ್ತಾ ಒಳಗೆ ಬಂದರೆ, ಅಮ್ಮ ಹೆಬ್ಬೆರಳನ್ನು ನಿನ್ನ ಗಂಟಿನ ಮೇಲಿಟ್ಟು, ಒತ್ತದೆ, ಸುಮ್ಮನೆ ಕೂತಿದ್ದಳು. ನಾನು ಚಾಪೆಯಲ್ಲಿ ಕೂತ ಸದ್ದಿಗೆ ಕಿವಿಗೊಟ್ಟಳು.

"ಕೂತುಕೊಂಡ್ಯಾ? ಹಾಗಾದ್ರೆ ಈಗ ಒತ್ತುತ್ತೇನೆ."

ಒತ್ತಿದಳು. ನಾನೂ ಒತ್ತಿದೆ. ನಾಳೆ ಕಡಲು ಶಾಂತವಂತೆ, ಅಣ್ಣ. ನೀನು ಬೋಟಿಗೆ ಹೋಗಬಹುದು ಅಂತ ಅಮ್ಮ ಹೇಳಿದ್ದಾಳೆ.

ನಿನ್ನ ತಂಗಿ