ಕೋಣಂದೂರಿನ ಶೆವಲಿಯೇ

ಫೆಬ್ರವರಿ 9, ಭಾನುವಾರ. ಹೊಸನಗರ

ಈ ಫ್ರೆಂಚ್ ವ್ಯವಹಾರಕ್ಕೆ ಇಲ್ಲಿಯವರೆಗೆ ಆದ ಖರ್ಚು: ಲವಂಗ ಒಂದು ಪೊಟ್ಟಣ. ಗಂಟಲು ಅರ್ಧ. ಮಧ್ಯಾಹ್ನದ ನಿದ್ದೆ ಪೂರ್ತಿ. ಬಟ್ಟೆ ಅಂಗಡಿಯ ಡಿಸ್ಕೌಂಟ್ ಸೇಲ್ ಅನೌನ್ಸ್‌ಮೆಂಟ್ ಬೇರೆಯವರ ಪಾಲು. ಆದಾಯ: ಒಬ್ಬ ಡ್ಯೂಕ್, ಇಬ್ಬರು ಬ್ಯಾರನ್, ಒಬ್ಬಳು ಕೌಂಟೆಸ್. ನಷ್ಟವೇನಲ್ಲ.

ಕೇಳಿದವರೆಲ್ಲ ನಗುತ್ತಿದ್ದಾರೆ. ನಗಲಿ. ಆಟೋಗೆ ಮೈಕು ಕಟ್ಟಿಕೊಂಡು ಸೀರೆ ಸೇಲ್ ಕೂಗುತ್ತಿದ್ದಾಗಲೂ ನಕ್ಕಿದ್ದರು. ಕಬಡ್ಡಿ ಕಾಮೆಂಟರಿಗೆ ಹೆಂಗಸಾ ಎಂದು ಕೇಳಿದವರೇ ಈಗ ನನ್ನ ಡೇಟ್ ನೋಡಿಕೊಂಡು ಪಂದ್ಯ ಇಡುತ್ತಾರೆ.

ತೀರ್ಥಹಳ್ಳಿಯ ಪೂರ್ಣೇಶ್ ತನ್ನ ಸ್ಟುಡಿಯೋದಲ್ಲಿ ಧಾರಾವಾಹಿ ಮಾಡುತ್ತಿದ್ದಾನೆ — ಮೊಬೈಲಿನಲ್ಲಿ ಕೇಳುವಂಥದ್ದು. ಕತ್ತಿ, ಕೋಟೆ, ಡ್ರ್ಯಾಗನ್, ಫ್ರೆಂಚರ ಥರದ ಆಸ್ಥಾನ. ಮೊದಲು ಇಂಟರ್ನೆಟ್ಟಿನಿಂದ ಹೆಸರು ಇಳಿಸಿದ. ಕಲಾವಿದರು ಓದುವಾಗ ವೀರರೆಲ್ಲ ಬಿಕ್ಕಳಿಸಿದಂತೆ ಕೇಳಿತಂತೆ. ಆಮೇಲೆ ನನಗೆ ಫೋನು. "ಯಶೋಧಕ್ಕ, ಕಬಡ್ಡಿ ಟೀಮಿಗೆಲ್ಲ ನೀವೇ ಹೆಸ್ರಿಡ್ತೀರಲ್ಲ. ಫ್ರೆಂಚ್ ಅನ್ನಿಸ್ಬೇಕು, ನಮ್ಮೋರ ನಾಲ್ಗೆ ಮೇಲೂ ಹೊರಳ್ಬೇಕು. ಆಗ್ತದಾ?"

ಆಗದೆ ಏನು. ಎರಡು ಸಂಜೆ ಫ್ರೆಂಚ್ ವಿಡಿಯೋ ಕೇಳಿದೆ. ಗುಟ್ಟು ಸಿಕ್ಕಿತು. ಹೆಸರಿನ ಬಾಲ ಕತ್ತರಿಸು. ಹಕಾರ ನುಂಗು. ಕೊನೆಯಲ್ಲಿ ಸ್ವಲ್ಪ ಮೂಗು ಅಥವಾ ಸ್ವಲ್ಪ ಗಂಟಲು. ಆಮೇಲೆ ಒಂದು 'ದ' — ಅಂದರೆ ಇಂಥ ಊರಿನವರು, ಆ ಊರು ಇವರದ್ದು ಎಂದು. ಹೋಟೆಲಿನ ಸೀತಾರಾಮಪ್ಪ ಡ್ಯೂಕ್ ಸೇತ್ರಾಂ ದ ಓಲ್ಬಗೀಲ್ ಆದರು. ಹೊಳೆಬಾಗಿಲು ಅಂತ ಯಾವ ಫ್ರೆಂಚನಿಗೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ನವ್ಯಾ, ಕೌಂಟೆಸ್ ನವಿಯೇ. ಅವಳ ನಡಿಗೆಗೆ ಅದೇ ಸರಿ.

ಫೆಬ್ರವರಿ 12, ಬುಧವಾರ

ದೊಡ್ಡ ಹೆಸರೊಂದು ಬಾಕಿ ಇತ್ತು. ಕಥೆಯ ನಾಯಕ — ಶೆವಲಿಯೇ, ಅಂದರೆ ಕುದುರೆ ಏರಿದ ವೀರ. ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. ನೋಡಿದೆ, ಬರೆದೆ: ಶೆವಲಿಯೇ ಬೆಲ್ಲಾರ್ ದ ಕೊನಾಂದೂರ್.

ಬೆಳ್ಳಪ್ಪ, ಕೋಣಂದೂರು. ಅಷ್ಟೇ. ಅಪ್ಪ ಹುಟ್ಟಿದ್ದು ಅಲ್ಲೇ ಹತ್ತಿರದ ಹಳ್ಳಿಯಲ್ಲಿ, ಗೇಣಿ ಮಾಡಿದ್ದು ಪೂರ್ಣೇಶನ ಅಜ್ಜ ಗಿರಿಯಪ್ಪ ಗೌಡರ ಗದ್ದೆಯನ್ನ. ಗದ್ದೆ ನಮ್ಮ ಹೆಸರಿಗೆ ಆಗಿ ಎಷ್ಟೋ ಕಾಲವಾಯಿತು. ಗೌಡರ ಬಾಯಲ್ಲಿ ಮಾತ್ರ ಅಪ್ಪ ಇನ್ನೂ 'ಬೆಳ್ಳ'.

ಜಂಬ ತಡೆಯಲಾಗದೆ ಇಬ್ಬರಿಗೂ ಓದಿ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಪ್ಪ ಕತ್ತಿಯ ಬಾಯಿಗೆ ಹೆಬ್ಬೆರಳು ತಾಗಿಸುತ್ತಾ, "ಅಪ್ಪ ಎಲ್ಲಿ?" ಎಂದರು.

"ಯಾವಪ್ಪ?"

"ಬೆಳ್ಳ ಆದ್ಮೇಲೆ ಅಪ್ಪ ಅದೆಯಲ. ಗೌಡ್ರು ಕಿತ್ತಿಟ್ಕಂಡಿದ್ರು. ಈಗ ನೀನೂ ಕಿತ್ಯಾ?"

"ಫ್ರೆಂಚರಲ್ಲಿ ಹಂಗೇ ಅಪ್ಪ. ಬಾಲ ಇರಲ್ಲ."

"ಹಂಗಾರೆ ಗೌಡ್ರು ಫ್ರೆಂಚ್ರೇ ಬಿಡು."

ಹೆಸರಿಡುವುದರಲ್ಲಿ ಅಪ್ಪ ನನ್ನನ್ನೇ ಮೀರಿಸಿದರು. ಬರೆದಿಡುವಂಥ ದಿನ.

ಇನ್ನೊಂದು. ಮುದಿ ರಾಣಿಯ ಪಾತ್ರ ಅವ್ವನಿಗೆ. ಫೋನಿನಲ್ಲಿ ಹಿಂದಿನಿಂದ ಅವರು ದನಗಳನ್ನು ಕೂಗಿ ಕರೆದದ್ದು ಪೂರ್ಣೇಶನಿಗೆ ಕೇಳಿಸಿತು. "ಇದೇ ವಾಯ್ಸ್ ಅಕ್ಕ!" ಎಂದು ಕುಣಿದ. ನಮ್ಮವ್ವ ಗುತ್ಯಮ್ಮ, ಫ್ರೆಂಚ್ ರಾಣಿ. ಅವ್ವ ಒಪ್ಪಿದ್ದು ನನಗೇ ಆಶ್ಚರ್ಯ.

ಫೆಬ್ರವರಿ 16, ಭಾನುವಾರ. ತೀರ್ಥಹಳ್ಳಿಯಿಂದ ವಾಪಸ್, ಸಂಜೆ

ಸ್ಟುಡಿಯೋ ಗೌಡರ ಮನೆಯ ಮಹಡಿಯಲ್ಲಿದೆ. ಹೆಸರುಗಳ ಪಟ್ಟಿ ಓದಿದೆ. ಎಲ್ಲರೂ ತಲೆದೂಗಿದರು. ಅಲ್ಲಿಗೇ ಸುಮ್ಮನಾಗಿದ್ದರೆ ನಾನು ನಾನಲ್ಲ. ಯಾವ ಹೆಸರು ಯಾರದ್ದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಗಿರಿಯಪ್ಪ ಗೌಡರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಬೆಳ್ಳನ ಮಗ್ಳಲ್ಲನೇ ನೀನು?"

"ಬೆಳ್ಳಪ್ಪನ ಮಗಳು, ಗೌಡ್ರೇ."

"ಅದೇ. ಬೆಳ್ಳ ನಾಯಕ ಆಗಿ, ನಾವೆಲ್ಲಿ ಹೋಗದು? ನನ್ನ ಹೆಸ್ರಿಗೆ ಫ್ರೆಂಚಲ್ಲಿ ಏನಾಗ್ತದೆ?"

"ಜಿರಾರ್. ಚೆನ್ನಾಗೇ ಆಗ್ತದೆ."

"ಹಾಂ. ಅದನ್ನ ಕುದ್ರೆ ಮೇಲೆ ಕೂರ್ಸು. ಬೆಳ್ಳನ್ನ ಲಾಯಕ್ಕೆ ಹಾಕು. ಅವ್ನಿಗೆ ಅಭ್ಯಾಸ ಅದೆ."

ಯಾರೋ ನಕ್ಕರು. ಯಾರೆಂದು ನೋಡಿಟ್ಟುಕೊಂಡೆ.

"ಗೌಡ್ರೇ, ಲಾಯದಲ್ಲಿ ಅವ್ರು ಆಗ್ಲೇ ಇದ್ದು ಬಂದಾಯ್ತು. ಈ ಸಲ ಕುದ್ರೆ ಮೇಲೆ. ನಿಮ್ಗೂ ಜಾಗ ಇದೆ — ಇನ್ನೊಬ್ಬ ಡ್ಯೂಕ್ ಇದಾನೆ, ದೊಡ್ಡ ಕೋಟೆ. ಮೂರನೇ ಕಂತಲ್ಲಿ ಸಾಯ್ತಾನೆ."

ಪೂರ್ಣೇಶ್ ಕೆಮ್ಮಿದ. ಅವನ ಹೆಂಡತಿ ಭವ್ಯಶ್ರೀ, ಎಡಿಟಿಂಗ್ ಅವಳದ್ದೇ, ಕಂಪ್ಯೂಟರಿನ ಹಿಂದೆ ಮುಖ ಅಡಗಿಸಿಕೊಂಡಳು.

ಫೆಬ್ರವರಿ 20, ಗುರುವಾರ

ಪೂರ್ಣೇಶನ ಫೋನು. "ಅಜ್ಜ ಹಟ ಹಿಡ್ದಿದಾರೆ ಅಕ್ಕ. ಜಾಗ ಅವರ್ದು. ಹೆಸ್ರು ತಾನೇ, ಅದಲು ಬದಲು ಮಾಡಿಬಿಡನ."

"ಹೆಸ್ರು ತಾನೇ ಆದ್ರೆ ಅಜ್ಜಂಗೆ ಯಾಕೆ ಬೇಕು?"

ಫೋನ್ ಇಟ್ಟುಬಿಟ್ಟ.

ಫೆಬ್ರವರಿ 23, ಭಾನುವಾರ

ಇವತ್ತಿನ ಪೆಟ್ಟು ಗೌಡರದ್ದಲ್ಲ. ನನ್ನದೇ ತಲೆಯದ್ದು.

ಪೂರ್ಣೇಶ್ ಧೈರ್ಯ ಮಾಡಿ ನಾನಿಟ್ಟ ಹೆಸರಿನಲ್ಲೇ ರೆಕಾರ್ಡಿಂಗ್ ಇಟ್ಟಿದ್ದ. ಮುಖ್ಯ ದೃಶ್ಯ: ವೀರ ಮೊಣಕಾಲೂರುತ್ತಾನೆ, ರಾಣಿ ಕತ್ತಿಯನ್ನು ಅವನ ಹೆಗಲಿಗೆ ತಾಗಿಸಿ ಹೆಸರು ಹಿಡಿದು ಪದವಿ ಕೊಡುತ್ತಾಳೆ. ಅವ್ವ ಮೈಕಿನ ಮುಂದೆ. "ಏಳು…" ಎಂದರು. ನಿಂತರು. "ಏಳು…" ಮತ್ತೆ ನಿಂತರು.

ಆಗ ಹೊಳೆಯಿತು. ಅವ್ವ ಜೀವಮಾನದಲ್ಲಿ ಗಂಡನ ಹೆಸರು ಹೇಳಿದವರಲ್ಲ. 'ಇವ್ರು', 'ಯಶೋಧನ ಅಪ್ಪ', ಇಲ್ಲದಿದ್ದರೆ ಬರೀ ಕೆಮ್ಮು. ರೇಷನ್ ಅಂಗಡಿಯಲ್ಲಿ ಕೇಳಿದರೂ ನನ್ನನ್ನು ಮುಂದೆ ತಳ್ಳುವವರು. ಅಪ್ಪನ ಹೆಸರು ನಾನೇ ಇಟ್ಟೆ, ಹೇಳುವ ಪಾತ್ರಕ್ಕೆ ಅವ್ವನನ್ನು ಕರೆತಂದವಳೂ ನಾನೇ, ಇದು ಅಪ್ಪ ಎಂದು ಕುಣಿದು ಹೇಳಿದ್ದೂ ನಾನೇ. ಊರಿಗೆಲ್ಲ ಹೆಸರಿಡುವವಳಿಗೆ ಮನೆಯ ಲೆಕ್ಕ ತಪ್ಪಿತು.

"ಬೆಲ್ಲಾರ್ ಅನ್ನವ್ವ. ಬೆಳ್ಳಪ್ಪ ಅಲ್ಲ."

"ಯಾರು ಅಂತ ನಂಗೆ ಗೊತ್ತಲನೇ."

ಗೌಡರು ಹಿಂದಿನಿಂದ, "ಹಂಗಾರೆ ಜಿರಾರ್ ಅನ್ಲಿ. ಸಸಾರ."

ಅವ್ವ ತಲೆ ತಗ್ಗಿಸಿ, "ಒಡೇರ ಹೆಸ್ರೂ ನಮ್ಮ ಬಾಯಗೆ ಬಂದದ್ದಲ್ಲ" ಎಂದರು.

ಎರಡು ಹೆಸರು, ಎರಡೂ ಬಾಯಿಗೆ ಬಾರದ್ದು. ಒಂದು ಮರ್ಯಾದೆಗೆ, ಒಂದು ಹೆದರಿಕೆಗೆ.

ಮಾರ್ಚ್ 5, ಬುಧವಾರ

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಇವತ್ತು ಪೂರ್ಣೇಶ್ ಹೊಸ ಸ್ಕ್ರಿಪ್ಟ್ ಕಳಿಸಿದ್ದಾನೆ. ಜಿರಾರ್ ನಾಯಕ. ಬೆಲ್ಲಾರ್ ಲಾಯದಲ್ಲಿ. ಈ ಭಾನುವಾರ ಗುತ್ಯಮ್ಮನವರು ಬರದಿದ್ದರೆ ಬೇರೆ ರಾಣಿ ಹುಡುಕುತ್ತಾನಂತೆ, ಅವತ್ತೇ ಸಂಜೆಯೊಳಗೆ ಧಾರಾವಾಹಿ ಹಾಕುವ ಕಂಪನಿಗೆ ಫೈಲ್ ಹೋಗಬೇಕಂತೆ.

ಅವ್ವ ಮೀನು ತೊಳೆಯುತ್ತಾ ಕೇಳಿದರು. "ಲಾಯದೋನ್ನ ರಾಣಿ ಎಂತ ಅಂತ ಕರೀತಾಳೆ?"

ಓದಿದೆ. "ಏಯ್."

"ಏಯ್ ಅಂತನಾ?"

"ಹ್ಞೂಂ."

ನೀರು ಚೆಲ್ಲಿದರು. "ಅದನ್ನ ಕೇಳೀ ಕೇಳೀ ಸಾಕಾಗದೆ ಕಣೆ. ಬಸ್ಸು ಎಷ್ಟೊತ್ತಿಗೆ?"

ಮಾರ್ಚ್ 9, ಭಾನುವಾರ. ತೀರ್ಥಹಳ್ಳಿಯಿಂದ ವಾಪಸ್, ಕೋಣಂದೂರಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುತ್ತಾ

ಮೊಣಕಾಲ ಮೇಲೆ ಪುಸ್ತಕ, ಅಕ್ಷರ ಸೊಟ್ಟ. ಬರೆದೇ ಬರೆಯುತ್ತೇನೆ.

ಗೌಡರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪೂರ್ಣೇಶ್ ಹೊಸ ಹಾಳೆ ಕೊಟ್ಟ. ಅವ್ವನಿಗೆ ಓದು ಬಾರದು, ನಾನು ಕಿವಿಯಲ್ಲಿ ಹೇಳಿಕೊಡಬೇಕು. "ನಂಗೆ ಗೊತ್ತದೆ, ಸರಿ ಆಚೆ" ಎಂದರು. ಮೈಕಿನ ಹತ್ತಿರ ಹೋದರು. ಕಣ್ಣು ಮುಚ್ಚಿದರು. ಗದ್ದೆಯ ಆ ಬದಿಯವರನ್ನು ಕರೆಯುವಂಥ ದನಿ —

"ಏಳು, ಕೋಣಂದೂರಿನ ಬೆಳ್ಳಪ್ಪ."

ಬೆಲ್ಲಾರ್ ಅಲ್ಲ. ಬಾಲ ಸಮೇತ. ನಾನು ಕತ್ತರಿಸಿದ್ದನ್ನು ವಾಪಸ್ ಹೊಲಿದರು.

ಆಮೇಲೆ ತಾಳಿ ಹಿಡಿದು ಕಣ್ಣಿಗೊತ್ತಿಕೊಂಡರು. ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದರು. "ಇನ್ನೊಂದು ಹೆಸ್ರೂ ಹೇಳ್ಲಾ ಗಿರಿಯಪ್ಪ ಗೌಡ್ರೇ? ಈಗ ಬಾಯಿ ಬಂದದೆ."

ಗೌಡರು ಎದ್ದು ಒಳಗೆ ಹೋದರು. ಕುರ್ಚಿ ಅಲ್ಲೇ.

ಪೂರ್ಣೇಶ್, "ಆದ್ರೆ ಅಕ್ಕ, ಫ್ರೆಂಚ್…" ಎಂದ. ಭವ್ಯಶ್ರೀ ಹೆಡ್‌ಫೋನ್ ಇಳಿಸದೆಯೇ ಹೇಳಿದಳು: "ಪೂರ್ಣೇಶ್, ನಾನು ಇದನ್ನ ಕಟ್ ಮಾಡಲ್ಲ. ಹಳೇ ಸ್ಕ್ರಿಪ್ಟೇ ಇರ್ಲಿ, ಊರಿಗೆಲ್ಲ ಅವ್ನು ಬೆಲ್ಲಾರ್. ನಿಜವಾದ ಹೆಸ್ರು ರಾಣಿಗೆ ಮಾತ್ರ ಗೊತ್ತು. ಹಂಗಿರ್ಲಿ."

ಅವನು ಬಾಗಿಲು ನೋಡಿದ, ಹೆಂಡತಿಯನ್ನು ನೋಡಿದ. ಸೇವ್ ಒತ್ತಿದ.

ಬಸ್ಸು ಬಂತು.

ಮಾರ್ಚ್ 23, ಭಾನುವಾರ

ಮೊದಲ ಕಂತು ಬಂತು. ಕಟ್ಟೆಯ ಮೇಲೆ ಫೋನ್ ಇಟ್ಟು ಪೂರ್ತಿ ದನಿ ಕೊಟ್ಟೆ. ಕೌಂಟೆಸ್ ನವಿಯೇ ಬಂದಾಗ ಬೇಲಿಯಾಚೆ ನವ್ಯಾ ಕಿರುಚಿದಳು. ಅಪ್ಪ ಹಿತ್ತಿಲ ಕೊಟ್ಟಿಗೆಯಲ್ಲಿದ್ದರು, ಇದೆಲ್ಲ ಮಕ್ಕಳಾಟ ಎಂದು.

ಕತ್ತಿಯ ಸದ್ದು. ರಾಣಿಯ ದನಿ. "ಏಳು, ಕೋಣಂದೂರಿನ ಬೆಳ್ಳಪ್ಪ."

ಕೊಟ್ಟಿಗೆಯಿಂದ, "ಓ, ಬಂದೆ!"

ಬಂದರು. ಕೈತುಂಬ ಹುಲ್ಲು. ನನ್ನನ್ನು ನೋಡಿದರು, ಫೋನ್ ನೋಡಿದರು, ಆಮೇಲೆ ಅವ್ವನನ್ನು. ಅವ್ವ ಅಕ್ಕಿ ಆರಿಸುತ್ತಲೇ ಇದ್ದರು.

"ಯಾರು ಕರ್ದಿದ್ದು?"

"ರಾಣಿ," ಎಂದರು ಅವ್ವ.

ಯಾರಿಗೆ ಏನು ಬಂತು, ಲೆಕ್ಕ:
ಗಿರಿಯಪ್ಪ ಗೌಡರಿಗೆ, ಒಂದು ಕೋಟೆ. ಮೂರನೇ ಕಂತಿನವರೆಗೆ.
ಪೂರ್ಣೇಶನಿಗೆ ಧಾರಾವಾಹಿ, ಅಜ್ಜನ ಮೌನ.
ಭವ್ಯಶ್ರೀಗೆ ನನ್ನ ಸಲಾಂ.
ಅವ್ವನಿಗೆ, ಎರಡು ಹೆಸರು.
ಅಪ್ಪನಿಗೆ, ಒಂದು ಅಪ್ಪ.
ನನಗೆ —

ಅಪ್ಪ ಕೂಗುತ್ತಿದ್ದಾರೆ. ಆ ಜಾಗ ಇನ್ನೊಂದು ಸಲ ಹಾಕಬೇಕಂತೆ. ಅವ್ವ ಫೋನ್ ಸೆರಗಿನಲ್ಲಿ ಕಟ್ಟಿಕೊಂಡು, "ಬೇಕಾದ್ರೆ ನಾನೇ ಕರೀತೀನಿ" ಅನ್ನುತ್ತಿದ್ದಾರೆ.