ಕೆಂಪು ಗೋಲಿ ನಾಪತ್ತೆ

ಮಹಡಿಯ ಕೋಣೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಅಳಿಯಂದಿರ ಸೊಂಟನೋವು ಇಳಿಯಿತೇ? ವಿದ್ಯುತ್ ಕಂಬ ಹತ್ತುವವರಿಗೆ ವೈದ್ಯರು ಬಗ್ಗಬೇಡಿ, ಹತ್ತಬೇಡಿ ಎಂದರೆ ಇನ್ನು ಉಳಿದದ್ದು ಕಂಬದ ಜೊತೆ ತಾವೂ ನಿಲ್ಲುವುದೊಂದೇ. ಗುಬ್ಬಿಗೆ ಮುಂದಿನ ಹಲ್ಲು ಬಂತೇ, ಅಥವಾ ಇನ್ನೂ ‘ಸ’ ಎನ್ನಲು ಹೋಗಿ ಗಾಳಿ ಊದುತ್ತಿದ್ದಾಳೆಯೇ? ನಿಮ್ಮಮ್ಮ ಸರಿಯಾಗಿ ಊಟ ಮಾಡುತ್ತಾಳೆಯೇ? ನಿಮ್ಮಪ್ಪ ಹೋಗಿ ಹನ್ನೊಂದು ತಿಂಗಳಾಯಿತು. ಈಗಲೂ ಸಂಜೆಗೆ ಎರಡು ಲೋಟ ಚಹಾ ಸೋಸಿಬಿಡುತ್ತೇನೆ ಎಂದು ಹೋದ ಸಲ ಬಂದಾಗ ಹೇಳಿದಳು.

ನನ್ನದು ಎಂದಿನಂತೆ. ಬಲಗಣ್ಣಿಗೆ ಮಂಜು, ಎಡಗಣ್ಣು ಇಬ್ಬರ ಕೆಲಸ ಮಾಡುತ್ತಿದೆ. ನಿನ್ನ ದೊಡ್ಡಮ್ಮ, “ನಲವತ್ತು ವರ್ಷ ಪ್ರೆಸ್ಸಲ್ಲಿ ಕೂತು ಊರವರ ತಪ್ಪು ಹುಡುಕಿದ್ದು ಸಾಲದೇನ್ರೀ, ಈಗ ಮಗಳದ್ದೂ ಬೇಕಾ?” ಎಂದು ಗೊಣಗುತ್ತಲೇ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಟ್ಟಳು.

ನಿನ್ನ ಪುಸ್ತಕದ ಕರಡು ಓದಿದೆ, ಇನ್ನೂರ ಹನ್ನೆರಡು ಪುಟವನ್ನೂ. ನಿನಗೆ ಮಹಾಪ್ರಾಣ ಎಂದರೆ ಅಷ್ಟು ಜಿಪುಣತನ ಏಕಮ್ಮಾ? ‘ಪ್ರಾರಂಭ’ದ ಹೊಟ್ಟೆ ಸೀಳುವುದನ್ನು ಎಂಟು ಕಡೆ ಮರೆತಿದ್ದೀಯ. ಎಲ್ಲ ಸೀಳಿದ್ದೇನೆ. ಮೊದಲ ಓದಿನಲ್ಲಿ ಕಾಗುಣಿತ ತಿದ್ದಿದೆ. ಎರಡನೆಯದರಲ್ಲಿ ಅಲ್ಪವಿರಾಮ, ಪೂರ್ಣವಿರಾಮ. ಮೂರನೆಯ ಸಲ ಪೆನ್ಸಿಲ್ ಹಿಡಿದು ಕುಳಿತಾಗ ತಿದ್ದಲು ಏನೂ ಉಳಿದಿರಲಿಲ್ಲ; ಹೇಳಲು ಉಳಿದಿತ್ತು. ಅರ್ಥದ ಗೊಡವೆ ನಿನಗೆ ಬೇಡ, ಅಕ್ಷರ ನೋಡು ಸಾಕು ಎಂದು ನಮ್ಮ ಪ್ರೆಸ್ಸಿನ ಮೇಸ್ತ್ರಿ ಹೇಳುತ್ತಿದ್ದರು. ಆ ಮಾತಿನ ಹಿಂದೆ ಬಚ್ಚಿಟ್ಟುಕೊಂಡು ಎರಡು ವಾರ ಕಳೆದೆ. ಇಪ್ಪತ್ತನೇ ತಾರೀಖು ಅಚ್ಚಿಗೆ ಹೋಗುತ್ತದೆ, ಮುನ್ನುಡಿ ಬೇಗ ಕಳಿಸು ದೊಡ್ಡಪ್ಪಾ ಎಂದು ಬರೆದಿದ್ದೀಯ. ಇದೇ ಆ ಮುನ್ನುಡಿ ಎಂದುಕೋ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ.

ಆ ಲೀಗ್ ಇರಲೇ ಇಲ್ಲ ಮಗಳೇ.

‘ನಮ್ಮ ಊರಲ್ಲಿ ಮೊತ್ತಮೊದಲು ಸಂಬಳ ಕೊಟ್ಟು ಆಡಿಸಿದ ಫುಟ್‌ಬಾಲ್ ಲೀಗ್’ ಎಂದು ನೀನು ಮೊದಲ ಪುಟದಲ್ಲೇ ಬರೆದಿರುವುದು ನಡೆದದ್ದು ಒಂದು ಹಾಸಿಗೆಯ ಮೇಲೆ. ನಿಮ್ಮಪ್ಪನಿಗೆ ಆಗ ಒಂಬತ್ತು, ನನಗೆ ಹದಿನಾಲ್ಕು. ಅವನ ಸೊಂಟದ ಮೂಳೆಗೆ ಕಾಯಿಲೆ ಬಂದು, ಸೊಂಟದಿಂದ ಪಾದದವರೆಗೆ ಎಡಗಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದರು. ಹತ್ತೊಂಬತ್ತು ತಿಂಗಳು. ಕುಂಟುತ್ತಿದ್ದದ್ದು ಅದರಿಂದ. “ಆಟದಲ್ಲಿ ಆದದ್ದು” ಎಂದು ನಿನಗೆ ಹೇಳಿದ್ದನಂತೆ. ಹಾಸಿಗೆಯ ಸುದ್ದಿಯನ್ನು ಯಾರ ಮುಂದೆಯೂ ಎತ್ತಬಾರದು ಎಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದ. ಹೆಂಡತಿಗೇ ಹೇಳದವನು ಮಗಳಿಗೆ ಹೇಳುತ್ತಾನೆಯೇ?

ಮಂಚ ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯಿಂದ ಕಂಡದ್ದೆಲ್ಲ ತಂಡವಾಯಿತು. ಬೇಕರಿ ಓಣಿಯವರು, ನೀರಿನ ಟ್ಯಾಂಕಿನವರು, ಅಂಚೆ ಮನೆಯವರು, ಬಡಗಿ ಷೆಡ್ಡಿನವರು, ಪಕ್ಕದ ಆಸ್ಪತ್ರೆಯ ದಾದಿಯರ ಗಂಡಂದಿರು. ನಾನು ಆಗಲೇ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಯುತ್ತಿದ್ದೆ, ಹಾಗಾಗಿ ನನ್ನದು ಮಸಿ ಕೈಯವರ ತಂಡ. ಟ್ಯಾಂಕಿನವರು ಯಾವಾಗಲೂ ಕೊನೆಯಲ್ಲಿ. “ಪಾಪ, ಹೊಟ್ಟೆ ತುಂಬ ನೀರು, ಓಡೋದು ಹೇಗೆ?” ಎನ್ನುತ್ತಿದ್ದ ನಿಮ್ಮಪ್ಪ. ಸಂಬಳದ ಮಾತೂ ಅವನದೇ. ನಮ್ಮ ಬೀದಿಯ ಬಡಗಿಯೊಬ್ಬ ಬಯಲಿನಲ್ಲಿ ಆಡಲು ಹೋಗಿ ಕೆಲಸ ಕಳೆದುಕೊಂಡಿದ್ದ. ಅದನ್ನು ಕೇಳಿ ಇವನು, “ಹಂಗಾದ್ರೆ ಆಡೋದನ್ನೇ ಕೆಲಸ ಮಾಡಿಬಿಡೋಣ ಅಣ್ಣಾ, ಯಾರ ಕೆಲಸವೂ ಹೋಗಲ್ಲ” ಎಂದ. ಮಲಗಿದಲ್ಲೇ ಅಷ್ಟು ಜನಕ್ಕೆ ಕೆಲಸ ಕೊಟ್ಟ ಪುಣ್ಯಾತ್ಮ.

ಒಂದು ತಂಡಕ್ಕೆ ಒಂದು ಗೋಲಿ, ಒಂದೊಂದು ಬಣ್ಣ. ಚೆಂಡು ಎಂದರೆ ಅಮ್ಮನ ಹೊಲಿಗೆ ಡಬ್ಬಿಯ ಕೋಟಿನ ಗುಂಡಿ. ಗೋಲಿ ಚಿಮ್ಮಿಸಿ ಗುಂಡಿಯನ್ನು ಬೆಂಕಿಪೊಟ್ಟಣದೊಳಗೆ ನೂಕಿದರೆ ಗೋಲು. ಬೇಕರಿ ಓಣಿ ನಿಮ್ಮಪ್ಪನ ತಂಡ, ಅದರದು ಕೆಂಪು ಗೋಲಿ. ಆ ತಂಡದ ಎಡ ಅಂಚಿನಲ್ಲಿ ಆಡುವ ಕಲ್ಪನೆಯ ಆಟಗಾರನಿಗೆ ಅವನು ತನ್ನ ಅಡ್ಡಹೆಸರನ್ನೇ ಇಟ್ಟ, ಮಿಂಚು ಎಂದು. ಮಿಸುಕಲಾರದ ಹುಡುಗನಿಗೆ ಆ ಹೆಸರು ಕೊಟ್ಟವಳು ಒಬ್ಬ ದಾದಿ. ಅವನು ಅದನ್ನು ಬದುಕಿಡೀ ಇಟ್ಟುಕೊಂಡ.

ಪ್ರತಿ ಪಂದ್ಯವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟ, ನಿನ್ನ ಪುಸ್ತಕಕ್ಕೆ ಆಧಾರವಾದದ್ದು ಅದೇ. ಒಂಬತ್ತಕ್ಕೇ ಅವನ ಅಕ್ಷರ ಮುತ್ತಿನಂತಿತ್ತು. ಮಗು ಬರೆದದ್ದೆಂದು ನಿನಗೆ ಅನುಮಾನ ಬಾರದಿದ್ದದ್ದು ನಿನ್ನ ತಪ್ಪಲ್ಲ. ‘ಮೈದಾನದ ಎಡಕ್ಕೆ ಗುಡ್ಡ ಇರುವುದರಿಂದ ಚೆಂಡು ಬಲಕ್ಕೇ ಉರುಳುತ್ತದೆ’ ಎಂದು ಅವನು ಬರೆದದ್ದನ್ನು ಓದಿ, ಎಡಕ್ಕೆ ಗುಡ್ಡವಿರುವ ಬಯಲು ಹುಡುಕಿಕೊಂಡು ಮೂರು ಭಾನುವಾರ ಬಿಸಿಲಲ್ಲಿ ಅಲೆದೆಯಲ್ಲ, ಆ ಗುಡ್ಡ ಅವನ ಪ್ಲಾಸ್ಟರ್ ಕಾಲು. ‘ಹೆಸರು ಹರಿದುಹೋದ ಅಂದಿನ ಪತ್ರಿಕೆ’ ಎಂದು ನೀನು ಫೋಟೋ ಹಾಕಿಸಿರುವ ಲೀಗಿನ ಅಂಕಪಟ್ಟಿ ಪತ್ರಿಕೆಯದಲ್ಲ. ಅವನ ಹುಟ್ಟುಹಬ್ಬಕ್ಕೆಂದು ಮಧ್ಯಾಹ್ನದ ಬಿಡುವಿನಲ್ಲಿ ನಾನು ಮೊಳೆ ಜೋಡಿಸಿ, ರದ್ದಿ ಹಾಳೆಯ ಮೇಲೆ ಅಚ್ಚೊತ್ತಿ ತಂದದ್ದು. ಹಿಂಬದಿಯಲ್ಲಿ ತಲೆಗೂದಲ ಎಣ್ಣೆಯ ಅರ್ಧ ಜಾಹೀರಾತು ಇದೆ ನೋಡು. ಅದನ್ನು ಕಂಡು ಅವನು ಎಷ್ಟು ನಕ್ಕನೆಂದರೆ ಪ್ಲಾಸ್ಟರ್ ಒಳಗೆ ತುರಿಕೆ ಶುರುವಾಗಿ, ಅಮ್ಮ ಹೆಣಿಗೆ ಕಡ್ಡಿ ತರಬೇಕಾಯಿತು.

ಇನ್ನು ಹತ್ತನೆಯ ಅಧ್ಯಾಯ. ನೋಟುಪುಸ್ತಕದ ಕೊನೆಯ ಪುಟದಲ್ಲಿ ಇರುವುದು ಇಷ್ಟೇ: ‘ಅಂತಿಮ ಪಂದ್ಯ. ಮಸಿ ಕೈ ಮೂರು, ಬೇಕರಿ ಓಣಿ ಒಂದು. ಕೆಂಪು ಗೋಲಿ ನಾಪತ್ತೆ. ಪಂದ್ಯ ಮುಂದಕ್ಕೆ.’ ಕ್ರಿಯಾಪದವೇ ಇಲ್ಲದ ವಾಕ್ಯ. ಹೋದದ್ದು ಮನುಷ್ಯನೋ ವಸ್ತುವೋ ಹೇಗೆ ತಿಳಿಯಬೇಕು? ಮೈದಾನದಲ್ಲಿ ಗೋಲ್‌ಕೀಪರನನ್ನೂ ಗೋಲಿ ಎಂದೇ ಕೂಗುತ್ತಾರೆ. ನೀನು ಕೆಂಪು ಅಂಗಿಯ ಗೋಲ್‌ಕೀಪರನೊಬ್ಬನನ್ನು ಕಟ್ಟಿ ನಿಲ್ಲಿಸಿದೆ. ಅವನಿಗೆ ವಯಸ್ಸಾದ ತಾಯಿ, ಅರ್ಧಕ್ಕೆ ನಿಂತ ಮದುವೆ, ಪಂದ್ಯದ ನಡುವೆ ಗೋಲು ಬಿಟ್ಟು ನಡೆದುಹೋದದ್ದಕ್ಕೆ ಐದು ಕಾರಣ. ಇಪ್ಪತ್ತಾರು ಪುಟ! ಒಂದು ಗಾಜಿನ ಗೋಲಿಗೆ ಇಷ್ಟು ದೊಡ್ಡ ಸಂಸಾರ ಯಾರೂ ಹೂಡಿಕೊಟ್ಟಿರಲಿಕ್ಕಿಲ್ಲ. ಆಟದ ನಡುವೆ ಅಮ್ಮ ಹೊದಿಕೆ ಕೊಡವಿದಳು. ಆಮೇಲೆ ನೋಡಿದರೆ ಗೋಲಿ ಇರಲಿಲ್ಲ. ನಾನು ಮಂಚದ ಕೆಳಗೆ ನುಗ್ಗಿ ಹುಡುಕಿದೆ. ಅವನು ಮೇಲಿಂದ, “ಗೋಡೆ ಹತ್ರ ನೋಡಣ್ಣಾ, ಕಾಲಿನ ಹತ್ರ ನೋಡಣ್ಣಾ” ಎನ್ನುತ್ತಲೇ ಇದ್ದ. ಸಿಗಲಿಲ್ಲ. ಬೇರೆ ಬಣ್ಣ ತಗೋ ಎಂದರೆ, ತಂಡದ ಅಂಗಿ ಬದಲಾಯಿಸೋಕಾಗಲ್ಲ ಎಂದ. ಲೀಗ್ ಅಲ್ಲಿಗೆ ನಿಂತಿತು. ನಾನು ಸಂಜೆ ಬಯಲಿಗೆ ಹೋಗತೊಡಗಿದೆ.

ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ ಎನ್ನುತ್ತೀಯ. ಟ್ರಂಕಿನಲ್ಲಿ ಆ ನೋಟುಪುಸ್ತಕ ಸಿಕ್ಕು, ಅದರಲ್ಲಿ ಮಿಂಚು ಎಂಬ ಹೆಸರು ಕಂಡ ದಿನ ನೀನು ಫೋನ್ ಮಾಡಿ, “ಅಪ್ಪ ಆಡ್ತಿದ್ರು ದೊಡ್ಡಪ್ಪಾ! ಸಂಬಳ ತಗೊಂಡು ಆಡ್ತಿದ್ರು! ನಿಮಗೆ ಗೊತ್ತಿತ್ತಾ?” ಎಂದು ಕೂಗಿ ನಕ್ಕೆ. ಅವನು ಹೋದಮೇಲೆ ನೀನು ನಕ್ಕದ್ದು ಅದೇ ಮೊದಲು. ನಾನು “ಹೂಂ” ಎಂದೆ. ಆ ಒಂದು ಹೂಂ ನಿನ್ನ ಕೈಯಲ್ಲಿ ಇಷ್ಟು ಪುಟವಾಗುತ್ತದೆಂದು ನನಗೇನು ಗೊತ್ತು? ಆಮೇಲೆ ಪ್ರತಿ ತಿಂಗಳೂ ಹೇಳಬೇಕೆಂದು ಹೊರಟೆ. ನೀನು ಹೊಸದೊಂದು ಪುಟ ಓದಿ ತೋರಿಸಿದೆ, ನಾನು ಮತ್ತೆ ಹೂಂ ಎಂದೆ. ಈಗ ದಣಿವಾಗಿದೆ ಮಗಳೇ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಕಸುವಿರಬೇಕು.

ಪುಸ್ತಕವನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನಾಳೆ ಯಾರಾದರೂ ಓದಿ, ಎಲ್ಲಿತ್ತಮ್ಮ ಈ ಮೈದಾನ ಎಂದು ನಾಲ್ಕು ಜನರ ಎದುರು ನಿನ್ನನ್ನು ಕೇಳಿದರೆ, ಆಗ ನಾನು ಇಲ್ಲದೇ ಇರಬಹುದು. ಅದೊಂದೇ ನನ್ನ ಹೆದರಿಕೆ. ರಕ್ಷಾಪುಟದಲ್ಲಿ ‘ಇತಿಹಾಸ’ ಎಂಬ ಪದದ ಕೆಳಗೆ ಗೆರೆ ಎಳೆದಿದ್ದೇನೆ, ಹೊಡೆದುಹಾಕಿಲ್ಲ. ಅರ್ಪಣೆಯ ಪುಟವನ್ನು ಮಾತ್ರ ಮುಟ್ಟಬೇಡ. ‘ಆಡಿದ ಅಪ್ಪನಿಗೆ’ ಎಂದಿದ್ದೀಯ. ಅಲ್ಲಿ ಅಕ್ಷರವೂ ಸರಿ, ಅರ್ಥವೂ ಸರಿ.

ಕೋಪ ಬಂದರೆ ದೊಡ್ಡಮ್ಮನ ಮೇಲೆ ತೀರಿಸಿಕೊಳ್ಳಬೇಡ, ಅವಳಿಗೆ ಏನೂ ಗೊತ್ತಿಲ್ಲ. ಗುಬ್ಬಿಗೆ ಮುತ್ತು.

ನಿನ್ನ,
ದೊಡ್ಡಪ್ಪ

ತಾ.ಕ.: ನೂರ ನಲವತ್ತನೆಯ ಪುಟದ ಕೊನೆಯಲ್ಲಿ ‘ಹಾಗಾದರೆ ಕೆಂಪು ಗೋಲಿ ಎಲ್ಲಿ ಹೋದ?’ ಎಂದು ಕೇಳಿದ್ದೀಯ. ‘ಹೋದ’ ಹೊಡೆದು ‘ಹೋಯಿತು’ ಎಂದು ತಿದ್ದಿದ್ದೇನೆ. ಉತ್ತರ ಕರಡಿನ ಕಟ್ಟಿನ ಮೂಲೆಯಲ್ಲಿ, ಬಟ್ಟೆಯ ಗಂಟಿನಲ್ಲಿದೆ. ಬಿಚ್ಚುವಾಗ ಹುಷಾರು, ಉರುಳುತ್ತದೆ. ನಾನು ಮಂಚದ ಕೆಳಗೆ ಹುಡುಕುವಾಗ ಅದು ನನ್ನ ಚಡ್ಡಿಯ ಜೇಬಿನಲ್ಲಿತ್ತು. ಬಯಲಿನಲ್ಲಿ ಹುಡುಗರ ಕೂಗು ಕೇಳಿಸುತ್ತಿತ್ತು, ನನಗೆ ಆ ಹಾಸಿಗೆ ಸಾಕಾಗಿಹೋಗಿತ್ತು. ಕಳೆದ ವರ್ಷ ಆಸ್ಪತ್ರೆಯಲ್ಲಿ, ನೀನು ಔಷಧಿ ತರಲು ಕೆಳಗೆ ಹೋದಾಗ ಅವನು ಕೇಳಿದ: “ಅಣ್ಣಾ, ಕೆಂಪು ಗೋಲಿ ಸಿಕ್ತೇನೋ?” ಕೊಡಬೇಕೆಂದೇ ತೆಗೆದುಕೊಂಡು ಹೋಗಿದ್ದೆ. ಆದರೂ ಬಾಯಿಗೆ ಬಂದದ್ದು, “ಇಲ್ಲ ಕಣೋ.” ಅವನು ಕಣ್ಣು ಮುಚ್ಚಿಕೊಂಡೇ ನಕ್ಕು, “ಹಂಗಾದ್ರೆ ನಾವಿನ್ನೂ ಸೋತಿಲ್ಲ ಬಿಡು” ಎಂದ. ಬೇಗ ಬರೆ ಮಗಳೇ. ಬೈದಾದರೂ ಬರೆ.