ಅಂಗಾತವಾದ ಹರಿಗೋಲು

೧೪ ನವೆಂಬರ್, ಗುರುವಾರ. ಶಹಾಬಾದ್.

ಅವ್ವನನ್ನು ಇವತ್ತು ಕರೆದುಕೊಂಡು ಹೋಗಲೇಬಾರದಿತ್ತು.

ಕಾಲೇಜಿನಲ್ಲಿ ಹಳೆಯ ಕಸುಬುಗಳ ಪ್ರದರ್ಶನ. ಅಪ್ಪನ ಹರಿಗೋಲನ್ನು ಹೋದ ವಾರ ನಾನೇ ಕೊಟ್ಟಿದ್ದೆ. ಸೇತುವೆ ಆಗುವ ತನಕ ಅಪ್ಪ ಅದರಲ್ಲೇ ಜನರನ್ನು ಕಾಗಿಣಾ ಹೊಳೆ ದಾಟಿಸುತ್ತಿದ್ದ. ಅವನು ಸತ್ತ ದಿನ ನಮ್ಮ ಅಂಬಿಗರ ಪದ್ಧತಿಯಂತೆ ಅದನ್ನು ಹಿತ್ತಲಲ್ಲಿ ಬೋರಲು ಹಾಕಿದೆವು. ಸತ್ತವನ ಹರಿಗೋಲು ಮತ್ತೆ ಅಂಗಾತವಾಗಬಾರದು. ಅಂಗಾತವಿದ್ದರೆ ಅಂಬಿಗ ಇನ್ನೂ ಬರುವವನಿದ್ದಾನೆ ಎಂದರ್ಥ. ಇದನ್ನು ಕಾಲೇಜಿನವರಿಗೆ ಹೇಳುವುದನ್ನೇ ಮರೆತೆ. ಎಂಥ ದಡ್ಡಿ ನಾನು!

ಅಲ್ಲಿ ಅದನ್ನು ಅಂಗಾತ ಇಟ್ಟು, ಒಳಗೆ ಹುಟ್ಟು ಒರಗಿಸಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಅವ್ವ ಗಕ್ಕನೆ ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಕೇಳಿದಳು:

"ರಾಧೀ, ನಿಮ್ಮಪ್ಪ ಇನ್ನಾ ಹೊಳಿ ಆಕಡಿ ದಂಡ್ಯಾಗೇ ಹಾನೇನ?"

"ಇಲ್ಲಬೇ ಯವ್ವಾ, ಇವ್ರು ಗೊತ್ತಿಲ್ದ ಹಿಂಗ ಇಟ್ಟಾರ" ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಳೆ ಹೋಗಿ ಬೋರಲು ಹಾಕಿಸಬೇಕು ಅಂದುಕೊಂಡೆ. ಆದರೆ ಊಟದ ಹೊತ್ತಿಗೆ ಅವ್ವ ಎರಡು ರೊಟ್ಟಿ ತೆಗೆದು ಅಪ್ಪನ ತಾಟಿನಲ್ಲಿ ಬೇರೆ ಮುಚ್ಚಿಟ್ಟಳು. ಆ ತಾಟು ಇನ್ನೂ ಅಲ್ಲೇ ಇದೆ. ನಾಳೆ ನಾನು ಯಾವ ಕೈಯಿಂದ ಆ ಹರಿಗೋಲನ್ನು ಬೋರಲು ಹಾಕಲಿ?